ಮೌನಿ ಎಸೆದ ಸದ್ದು

ಎರಡು ಸಾವಿರ ರೂಪಾಯಿಯೊಳಗೆ ಸಿಗುವ ಹೆಡ್‌ಫೋನ್‌ಗಳಲ್ಲಿ ದಿನಾ ಓಡಾಡುವವರಿಗೆ ಯಾವುದು ಒಳ್ಳೆಯದು ಎಂದು ಹೇಳುವುದು ಆ ತಿಂಗಳು ಇಂದುಮತಿಯ ಪಾಲಿಗೆ ಬಂದಿದ್ದ ಕೆಲಸ. ಇದೇನು ಮಹಾ ಎಂದು ಯಾರಿಗಾದರೂ ಅನ್ನಿಸಬಹುದು. ಆದರೆ ಯಶವಂತಪುರದ ಬಳಕೆದಾರರ ಪರೀಕ್ಷಾ ಕೇಂದ್ರ ತನ್ನ ಮಾಸಪತ್ರಿಕೆಯಲ್ಲಿ 'ಇದನ್ನು ಕೊಳ್ಳಬಹುದು' ಎಂದು ಒಂದು ಸಾಲು ಬರೆದರೆ ಸಾಕು, ಮುಂದಿನ ವಾರವೇ ಸಾವಿರಾರು ಜನ ಅಂಗಡಿಗೆ ಹೋಗಿ ಅದನ್ನೇ ಕೇಳುತ್ತಿದ್ದರು. ಮಿಕ್ಸಿ, ಕುಕ್ಕರ್, ನೀರಿನ ಫಿಲ್ಟರ್ ಎಂದು ಹದಿನೇಳು ವರ್ಷ ಬಗೆಬಗೆಯ ವಸ್ತುಗಳ ಜನ್ಮ ಜಾಲಾಡಿದ್ದ ಇಂದುಮತಿಗೆ ಆ ಒಂದು ಸಾಲಿನ ತೂಕ ಗೊತ್ತಿತ್ತು.

ಮೇಜಿನ ಮೇಲೆ ಹನ್ನೊಂದು ಹೆಡ್‌ಫೋನ್‌ಗಳಿದ್ದವು. ಹತ್ತರಲ್ಲಿ ಹೊಸದೇನೂ ಇರಲಿಲ್ಲ. ಒಂದು ಕಿವಿ ಒತ್ತುತ್ತಿತ್ತು, ಇನ್ನೊಂದು ಬೆವರಿಗೆ ಜಾರುತ್ತಿತ್ತು, ಮತ್ತೊಂದರ ಬ್ಯಾಟರಿ ತುಮಕೂರು ಬಿಟ್ಟರೆ ದಾಬಸ್‌ಪೇಟೆಗೇ ಪ್ರಾಣ ಬಿಡುತ್ತಿತ್ತು. ಹನ್ನೊಂದನೆಯದು ಮಾತ್ರ ಬೇರೆ ಜಾತಿಯದು. ಅದರ ಹೆಸರು ಮೌನಿ. ಬೆಲೆ ಸಾವಿರದ ನಾನೂರ ಐವತ್ತು. ಹೊರಗಿನ ಸದ್ದು ಅಡಗಿಸುವ ಹೆಡ್‌ಫೋನ್‌ಗಳು ಎಷ್ಟೋ ಬಂದಿದ್ದವು, ಆದರೆ ಯಾವ ಸದ್ದು ಬೇಕು, ಯಾವುದು ಬೇಡ ಎಂಬುದನ್ನು ತಾನೇ ಕಲಿಯುವಂಥದ್ದು ಇದೇ ಮೊದಲು.

ಅದು ಕಲಿಯುವ ರೀತಿ ಕೇಳಿದರೆ ಯಾರಿಗಾದರೂ ಕುತೂಹಲ ಹುಟ್ಟುವಂತಿತ್ತು. ಬೆಕ್ಕಿನ ಹಾಗೆ ಕಿವಿ ನಿಮಿರಿಸುವ ಶಕ್ತಿಯನ್ನು ಮನುಷ್ಯ ಎಂದೋ ಕಳೆದುಕೊಂಡಿದ್ದಾನೆ. ಆದರೂ ಯಾವುದಾದರೂ ಸದ್ದಿಗೆ ಅವನ ಮನಸ್ಸು ಹೊರಳಿದರೆ ಕಿವಿಯ ಹಿಂದಿನ ಪುಟ್ಟ ಸ್ನಾಯು ಈಗಲೂ ಒಮ್ಮೆ ಮಿಡುಕುತ್ತದೆ. ಅವನಿಗೇ ಅದು ಗೊತ್ತಾಗುವುದಿಲ್ಲ. ಮೌನಿಯ ಮೆತ್ತೆಯೊಳಗಿನ ಸಣ್ಣ ಬಿಲ್ಲೆ ಆ ಮಿಡುಕನ್ನು ಹಿಡಿಯುತ್ತಿತ್ತು. ಏಳು ದಿನದ ಪ್ರಯಾಣದಲ್ಲಿ ದಿನಾ ಬರುವ ಸದ್ದು, ಆದರೆ ಸ್ನಾಯು ಒಮ್ಮೆಯೂ ಮಿಡುಕದ ಸದ್ದು ಯಾವುದೋ ಅದು ಕಸ ಎಂದು ಮೌನಿ ತೀರ್ಮಾನಿಸುತ್ತಿತ್ತು. ಎಂಟನೆಯ ದಿನದಿಂದ ಆ ಸದ್ದಿಗೆ ಸರಿಯಾಗಿ ತಲೆಕೆಳಗಾದ ಎದುರಲೆಯೊಂದನ್ನು ಹೊರಡಿಸಿ ಅದನ್ನು ಅಳಿಸಿಹಾಕುತ್ತಿತ್ತು. ಮನುಷ್ಯರ ದನಿ ಮಾತ್ರ ಎಂದೂ ಅಳಿಯುವುದಿಲ್ಲ ಎಂದು ಪೆಟ್ಟಿಗೆಯ ಮೇಲೆ ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು. ಎದುರಿಗಿರುವವರು ಮಾತಾಡಿದರೆ ಕಿವಿ ಒಂದು ಸಲವಾದರೂ ಮಿಡುಕಿಯೇ ಮಿಡುಕುತ್ತದೆ ಎಂಬುದು ಕಂಪನಿಯವರ ಧೈರ್ಯ.

ಇಂದುಮತಿ ಅದನ್ನು ತಾನು ದಿನಾ ಹೋಗಿಬರುವ ತುಮಕೂರು–ಬೆಂಗಳೂರು ರೈಲಿನಲ್ಲೇ ಪರೀಕ್ಷಿಸಲು ಕೊಂಡೊಯ್ದಳು. ಅಲ್ಲೇ ಎಡವಟ್ಟಾದದ್ದು. ಒಬ್ಬರೇ ಏಳು ದಿನ ಧರಿಸಬೇಕು ಎಂದು ಸೂಚನೆಯಲ್ಲಿ ಸ್ಪಷ್ಟವಾಗಿಯೇ ಇತ್ತು. ಆದರೆ ಬೆಳಗಿನ ರೈಲಿನ ಮಹಿಳೆಯರ ಬೋಗಿಯಲ್ಲಿ, ಅದರಲ್ಲೂ ತಿಂಗಳ ಪಾಸಿನವರ ಆ ಮೂಲೆಯಲ್ಲಿ, ಯಾವ ವಸ್ತುವೂ ಒಬ್ಬರದಾಗಿ ಉಳಿಯುತ್ತಿರಲಿಲ್ಲ. ಡಬ್ಬಿಯ ಚಿತ್ರಾನ್ನ, ಹೊಸ ಸೀರೆ, ಕೈಗೆ ಹಚ್ಚುವ ಕ್ರೀಮು, ವಾರಪತ್ರಿಕೆ ಎಲ್ಲವೂ ಹನ್ನೆರಡು ಕೈ ದಾಟಿ ಬರಬೇಕು. ಮೊದಲ ದಿನ ಕ್ಯಾತ್ಸಂದ್ರ ದಾಟುವಷ್ಟರಲ್ಲಿ ನರ್ಸ್ ಶಹೀನಾ ಮೌನಿಯನ್ನು ಇಂದುಮತಿಯ ತಲೆಯಿಂದ ತೆಗೆದು ತಾನು ಹಾಕಿಕೊಂಡಾಗಿತ್ತು. ಅವಳಿಂದ ಇನ್ನೊಬ್ಬಳಿಗೆ, ಅವಳಿಂದ ಮತ್ತೊಬ್ಬಳಿಗೆ ಹೋಯಿತು. ಇಂದುಮತಿ ಎರಡು ದಿನ ಬಾಯಿಮಾತಿಗೆ ಬೇಡ ಎಂದಳು. ಆಮೇಲೆ ಸುಮ್ಮನಾದಳು. ಹನ್ನೆರಡು ಜನರ ಕಿವಿಯನ್ನು ಒಂದೇ ಕಿವಿ ಎಂದುಕೊಂಡು ಮೌನಿ ಏಳು ದಿನ ಪಾಠ ಕಲಿಯಿತು.

ಆ ಮೂಲೆಯಲ್ಲಿ ಕೂರುವವರಲ್ಲಿ ಅದನ್ನು ಬೇಕೆಂದೇ ಹಾಕಿಕೊಳ್ಳದವಳು ಸರ್ವಮಂಗಳಕ್ಕ ಒಬ್ಬಳೇ. ಉಳಿದವರೆಲ್ಲ, ಹೂವು ಮಾರುವ ಗಂಗಮ್ಮನೂ ಸೇರಿ, ಒಂದಲ್ಲ ಒಂದು ದಿನ ಹಾಕಿಕೊಂಡಿದ್ದರು. ಸರ್ವಮಂಗಳಕ್ಕನಿಗೆ ಐವತ್ತಮೂರು ವಯಸ್ಸು. ಆಸ್ಪತ್ರೆಯೊಂದರ ನೋಂದಣಿ ಕೌಂಟರಿನಲ್ಲಿ ಬಂದವರ ಹೆಸರು, ವಯಸ್ಸು, ಊರು ಬರೆದುಕೊಳ್ಳುವ ಗುತ್ತಿಗೆ ನೌಕರಿ. ಮೂರು ತಿಂಗಳ ಹಿಂದೆ ಕೌಂಟರಿಗೆ ಗಾಜು ಹಾಕಿ, ಒಳಗೆ ಕೂತವರಿಗೆ ಹೊರಗಿನವರ ಮಾತು ಕೇಳಲು ಕಿವಿಗೊಂದು ಹೆಡ್‌ಫೋನ್ ಕೊಟ್ಟ ಮೇಲೆ ಅವಳ ಕೆಲಸ ಹದಗೆಟ್ಟಿತ್ತು. ತಪ್ಪು ಬರೆಯುತ್ತಾಳೆ ಎಂದು ಮೇಲಿನವರಿಗೆ ದೂರು ಹೋಗಿತ್ತು. ತಿಂಗಳ ಕೊನೆಯೊಳಗೆ ಸರಿಹೋಗದಿದ್ದರೆ ಗುತ್ತಿಗೆ ಮುಂದುವರಿಸುವುದಿಲ್ಲ ಎಂದು ಅವರು ಹೇಳಿಬಿಟ್ಟಿದ್ದರು. ಎಲ್ಲಾ ಆ ಗಾಜಿನ ಕಿತಾಪತಿ, ಆಸ್ಪತ್ರೆಯವರು ಕೊಟ್ಟ ಹೆಡ್‌ಫೋನೂ ಕಳಪೆ ಎಂದು ಸರ್ವಮಂಗಳಕ್ಕ ಬೈಯುತ್ತಿದ್ದಳು. ಗಂಡ ಇಲ್ಲ, ಆ ಸಂಬಳದ ಮೇಲೇ ಮನೆ ನಡೆಯಬೇಕು. ಹಾಗಾಗಿ ಕಡಿಮೆ ಬೆಲೆಯ, ದನಿ ಚೆನ್ನಾಗಿ ಕೇಳಿಸುವ ಒಂದನ್ನು ತಾನೇ ಕೊಳ್ಳುವುದೆಂದು ತೀರ್ಮಾನಿಸಿದ್ದಳು. ಯಾವುದು ತಗೊಳ್ಳಲಿ ಎಂದು ಇಂದುಮತಿಯನ್ನು ದಿನಾ ಕೇಳುತ್ತಿದ್ದಳು. ಪರೀಕ್ಷೆ ಮುಗಿಯಲಿ ಅಕ್ಕ ಎಂದು ಇಂದುಮತಿ ಮೊದಲೊಂದು ದಿನ ಹೇಳಿದ್ದಳು.

ಎಂಟನೆಯ ದಿನ ಮಂಗಳವಾರ. ಇಂದುಮತಿ ಯಾರ ಕೈಗೂ ಸಿಗದಂತೆ ಮೌನಿಯನ್ನು ತಾನೇ ಹಾಕಿಕೊಂಡು ಕಿಟಕಿಯ ಪಕ್ಕ ಕೂತಳು. ರೈಲು ಹೊರಟಿತು, ಆದರೆ ಹೊರಟ ಸದ್ದಾಗಲಿಲ್ಲ. ಗಾಲಿಯ ಬಡಿತ ಹೋಗಿತ್ತು. ತಲೆಯ ಮೇಲಿನ ಫ್ಯಾನಿನ ಗೊರಗೊರ ಹೋಗಿತ್ತು. ಶಹೀನಾಳ ಬಳೆಯ ಸದ್ದು, ಗಂಗಮ್ಮ ಹೂವು ಕಟ್ಟುತ್ತ ದಾರವನ್ನು ಹಲ್ಲಿನಲ್ಲಿ ಕಡಿಯುವ ಸದ್ದು, ಹಿಂದಿನ ಸೀಟಿನಲ್ಲಿ ಯಾರೋ ಪಿಸುಗುಟ್ಟಿದ್ದು ಎಲ್ಲ ಸ್ಫಟಿಕದಂತೆ ಕೇಳಿಸಿದವು. ಹದಿನೇಳು ವರ್ಷದ ಪರೀಕ್ಷೆಗಳಲ್ಲಿ ಇಷ್ಟು ಅಗ್ಗದ ವಸ್ತು ಇಷ್ಟು ಚೆನ್ನಾಗಿ ಕೆಲಸ ಮಾಡಿದ್ದನ್ನು ಅವಳು ನೋಡಿರಲಿಲ್ಲ. ಅವಳಿಗೆ ನಿಜಕ್ಕೂ ಖುಷಿಯಾಯಿತು. ಸರ್ವಮಂಗಳಕ್ಕನಿಗೆ ಇದನ್ನೇ ಹೇಳಿಬಿಡೋಣ ಎಂದು ಎದುರಿನ ಸೀಟಿನ ಕಡೆ ನೋಡಿದಳು.

ಸರ್ವಮಂಗಳಕ್ಕನ ತುಟಿ ಅಲ್ಲಾಡುತ್ತಿತ್ತು, ಆದರೆ ದನಿ ಬರುತ್ತಿರಲಿಲ್ಲ. ಬೆಳಗಿನ ಹೊತ್ತು, ಯಾವುದೋ ಸ್ತೋತ್ರ ಹೇಳಿಕೊಳ್ಳುತ್ತಿರಬೇಕು ಎಂದು ಇಂದುಮತಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆದರೆ ಅವಳು ತನ್ನನ್ನೇ ನೋಡುತ್ತಿದ್ದಾಳೆ, ಕೈ ಬೇರೆ ಆಡಿಸುತ್ತಿದ್ದಾಳೆ. ಇಂದುಮತಿ ಹೆಡ್‌ಫೋನ್ ತೆಗೆದಳು. ರೈಲಿನ ಗದ್ದಲವೆಲ್ಲ ಒಮ್ಮೆಗೇ ಕಿವಿಗೆ ನುಗ್ಗಿತು. ಅದರ ನಡುವೆ ಸರ್ವಮಂಗಳಕ್ಕನ ದನಿ ದೊಡ್ಡದಾಗಿಯೇ ಕೇಳಿಸಿತು.

"ಯಾವ್ದು ತಗೊಳ್ಳಲಿ ಅಂತ ಎಷ್ಟು ದಿನದಿಂದ ಕೇಳ್ತಿದೀನಿ ಇಂದು, ನೀನು ಬಾಯೇ ಬಿಡಲ್ವಲ್ಲಮ್ಮ."

ಇಂದುಮತಿ ಮೌನಿಯನ್ನು ಮತ್ತೆ ಹಾಕಿದಳು. ಶಹೀನಾ ಕೇಳಿಸಿದಳು, ಗಂಗಮ್ಮ ಕೇಳಿಸಿದಳು. ಸರ್ವಮಂಗಳಕ್ಕ ಇರಲಿಲ್ಲ.

ಇಂಥದ್ದೊಂದು ಸಿಕ್ಕರೆ ಪರೀಕ್ಷಾ ಕೇಂದ್ರದವರಿಗೆ ಹಬ್ಬ. ಪೆಟ್ಟಿಗೆಯ ಮೇಲಿನ ಮಾತು ಸುಳ್ಳಾಗಿದೆ ಎಂದು ಇಂದುಮತಿ ಹೋದವಳೇ ವಿಭಾಗದ ಮುಖ್ಯಸ್ಥ ಫಣೀಂದ್ರರ ಮುಂದೆ ಹೇಳಿದಳು. ಅವರು ಕನ್ನಡಕವನ್ನು ಹಣೆಗೇರಿಸಿ, ಹಾಗೆಲ್ಲ ಆತುರ ಬೇಡ, ಮೊದಲು ಫ್ಯಾನನ್ನು ವಿಚಾರಿಸೋಣ ಎಂದರು. ಆಕೆಯ ದನಿಯೂ ಬೋಗಿಯ ಫ್ಯಾನೂ ಒಂದೇ ಶ್ರುತಿಯಲ್ಲಿದ್ದರೆ ಮೌನಿ ಎರಡನ್ನೂ ಒಟ್ಟಿಗೆ ಗುಡಿಸಿರಬಹುದು ಎಂಬುದು ಅವರ ಊಹೆ. ಇಂದುಮತಿ ಸಂಜೆಯ ರೈಲಿನಲ್ಲಿ ಎರಡನ್ನೂ ಧ್ವನಿಮುದ್ರಿಸಿಕೊಂಡು ಬಂದಳು. ಬುಧವಾರ ಅಳೆದು ನೋಡಿದರೆ ಎರಡಕ್ಕೂ ಸಂಬಂಧವೇ ಇರಲಿಲ್ಲ. ಹೊಸ ಮೌನಿಯೊಂದನ್ನು ತೆಗೆದು ಅದೇ ದನಿ ಕೇಳಿಸಿದರು. ಅದರಲ್ಲಿ ಸರ್ವಮಂಗಳಕ್ಕ ಗಂಟೆ ಬಾರಿಸಿದ ಹಾಗೆ ಕೇಳಿಸಿದಳು. ಅಂದರೆ ಯಂತ್ರ ಮಾಡಿದವರ ತಪ್ಪಲ್ಲ, ರೈಲಿನಲ್ಲಿ ಕಲಿತ ವಿದ್ಯೆ.

ಮೌನಿ ತಾನು ಎಸೆದ ಸದ್ದನ್ನು ಪೂರ್ತಿ ಮರೆಯುವುದಿಲ್ಲ. ಮುಂದೆ ಗುರುತು ಹಿಡಿಯಲೆಂದು ಒಂದೊಂದರ ತುಣುಕನ್ನೂ ಒಳಗೆ ಕೂಡಿಟ್ಟಿರುತ್ತದೆ. ಪಕ್ಕದಲ್ಲೇ ಹೊತ್ತು, ಕಿವಿ ಎಷ್ಟು ಮಿಡುಕಿತು ಎಂಬುದೂ ಇರುತ್ತದೆ. ಗುರುವಾರ ಫಣೀಂದ್ರರು ತಂತಿ ಸಿಕ್ಕಿಸಿ ಆ ಕಸದ ಬುಟ್ಟಿಯನ್ನು ಪರದೆಯ ಮೇಲೆ ಸುರಿದರು. ಗಾಲಿ, ಫ್ಯಾನು, ಬಾಗಿಲ ಕಿರುಗುಟ್ಟು, ಎದುರು ರೈಲಿನ ಭರಾಟೆ ಎಲ್ಲ ಇದ್ದವು. ಅವುಗಳ ನಡುವೆ ಸರ್ವಮಂಗಳಕ್ಕನ ದನಿಯ ತುಣುಕುಗಳು ಸಾಲುಸಾಲಾಗಿ ಬಿದ್ದಿದ್ದವು. ಕೆಲವು 'ಯಾವ್ದು ತಗೊಳ್ಳಲಿ'. ಉಳಿದವೆಲ್ಲ ಒಂದೇ ಒಂದು ಮಾತು, 'ಏನಂದೆ?' ಇಂದುಮತಿ ಎಣಿಸಿದಳು. ಏಳು ದಿನದಲ್ಲಿ ನೂರ ಹದಿನಾಲ್ಕು ಸಲ ಆ ಹೆಂಗಸು 'ಏನಂದೆ' ಎಂದು ಕೇಳಿದ್ದಳು. ಮಿಡುಕಿನ ಕಾಲಮ್ಮಿನಲ್ಲಿ ಮೇಲಿನಿಂದ ಕೆಳಗಿನವರೆಗೂ ಸೊನ್ನೆಯಿತ್ತು.

"ಹನ್ನೆರಡು ಜನದಲ್ಲಿ ಒಬ್ಬರ ಕಿವಿ ಒಂದೇ ಒಂದು ಸಲ ಮಿಡುಕಿದ್ರೂ ಈ ದನಿ ಉಳಿದುಬಿಡ್ತಿತ್ತು," ಎಂದರು ಫಣೀಂದ್ರ. "ಮಿಷನ್ ಕೆಟ್ಟಿಲ್ಲ ಇಂದುಮತಿ. ಸರಿಯಾಗೇ ಕೆಲಸ ಮಾಡಿದೆ."

ಅವರು ಅದನ್ನು ಯಂತ್ರದ ಬಗ್ಗೆಯೇ ಹೇಳಿದ್ದರು. ಆದರೆ ಇಂದುಮತಿಗೆ ಕೂತಲ್ಲೇ ಮೈ ಬಿಸಿಯಾಯಿತು. ಆ ಹನ್ನೆರಡು ಕಿವಿಯಲ್ಲಿ ಅವಳದೂ ಒಂದು.

ಸಂಜೆ ಮನೆಯಲ್ಲಿ ಗಂಡ ರೇಣುಕಪ್ರಸಾದ್ ಮೊರದ ತುಂಬ ಅವರೆಕಾಳು ಹಿದುಕುತ್ತ ಕೂತಿದ್ದ. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರು, ಹೆಂಡತಿಯ ಪರೀಕ್ಷೆಗಳಿಗೆ ಮನೆಯಲ್ಲಿ ಸಿಗುವ ಬಿಟ್ಟಿ ಪ್ರಾಣಿ. ತನಗೂ ಒಂದು ಮೌನಿ ಕೊಡಿಸಿದರೆ ಅಡುಗೆಮನೆಯ ಕಡೆಯಿಂದ ಬರುವ ಯಾವ ಸದ್ದು ಉಳಿಯುತ್ತದೆ ನೋಡೋಣ ಎಂದು ಅವನು ಛೇಡಿಸಿದ. ಬೇರೆ ದಿನವಾಗಿದ್ದರೆ ಇಂದುಮತಿ ತಕ್ಕ ಉತ್ತರ ಕೊಡುತ್ತಿದ್ದಳು. ಅಂದು ಎದುರಿಗೆ ಕೂತು ತಾನೂ ಎರಡು ಕಾಳು ಹಿದುಕಿ ನಡೆದದ್ದನ್ನೆಲ್ಲ ಹೇಳಿದಳು. ಇಷ್ಟೊಂದು ಸಲ ಯಾಕೆ ಕೇಳುತ್ತಾಳೋ, ಅದು ಅವಳ ಅಭ್ಯಾಸ, ನಾವೂ 'ಏನಿಲ್ಲ ಬಿಡಿ ಅಕ್ಕ' ಎಂದು ಹೇಳುವುದನ್ನೂ ಬಿಟ್ಟಿದ್ದೇವೆ ಎಂದಳು.

ರೇಣುಕಪ್ರಸಾದ್ ಕಾಳಿನಿಂದ ಕಣ್ಣೆತ್ತಲಿಲ್ಲ. "ಪಾಪ, ಕಿವಿ ಕೇಳಿಸಲ್ವೇನೋ," ಎಂದ.

ಇಂದುಮತಿಯ ಕೈ ನಿಂತಿತು. ಬೆಳಗಿನಿಂದ ಸಂಜೆವರೆಗೆ ಕೇಳಿಸುವುದು, ಕೇಳಿಸದಿರುವುದು ಇವನ್ನೇ ಅಳೆಯುವುದು ಅವಳ ಕೆಲಸ. ಆರು ವರ್ಷ ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತ ಹೆಂಗಸಿಗೆ ಕಿವಿ ಮಂದವಾಗಿದೆ ಎಂಬುದು ಅವಳಿಗೆ ಹೊಳೆಯಲಿಲ್ಲ, ಮುಖವನ್ನೇ ನೋಡದ ಮೇಷ್ಟ್ರಿಗೆ ಒಂದೇ ಮಾತಿಗೆ ಹೊಳೆಯಿತು. ಅವಳಿಗೆ ತನ್ನ ಮೇಲೇ ಸಿಟ್ಟು ಬಂತು. ಗಾಜಿನ ಮೇಲೆ, ಹೆಡ್‌ಫೋನಿನ ಮೇಲೆ ಸರ್ವಮಂಗಳಕ್ಕ ಯಾಕೆ ಅಷ್ಟು ಹರಿಹಾಯುತ್ತಿದ್ದಳು ಎಂಬುದು ಈಗ ಗೊತ್ತಾಯಿತು. ಇಷ್ಟು ದಿನ ತುಟಿ ನೋಡಿ, ಹತ್ತಿರ ಬಾಗಿ ಹೇಗೋ ಸಂಭಾಳಿಸುತ್ತಿದ್ದವಳಿಗೆ ಗಾಜು ಅಡ್ಡ ಬಂದಿತ್ತು. ಕಿವಿಯ ಯಂತ್ರ ಹಾಕಿಕೊಂಡರೆ ಕೆಲಸಕ್ಕೇ ಸಂಚಕಾರ ಎಂದು ಹೆದರಿದ್ದಾಳೆ. ಹೆಡ್‌ಫೋನಾದರೆ ಎಲ್ಲರೂ ಹಾಕುತ್ತಾರೆ, ಯಾರಿಗೂ ಅನುಮಾನ ಬರುವುದಿಲ್ಲ. ಅವಳಿಗೆ ಬೇಕಾಗಿದ್ದದ್ದು ಅಂಥದ್ದೊಂದು.

ಶನಿವಾರ ಅರ್ಧ ದಿನ. ಹೆಡ್‌ಫೋನ್ ಆರಿಸೋಣ ಬಾ ಎಂದು ಹೇಳಿ ಇಂದುಮತಿ ಸರ್ವಮಂಗಳಕ್ಕನನ್ನು ಕೇಂದ್ರಕ್ಕೆ ಕರೆತಂದಳು. ಹೊರಗಿನ ಸದ್ದು ಒಳಬಾರದ ಪುಟ್ಟ ಕೋಣೆಯಲ್ಲಿ ಅವಳನ್ನು ಕೂರಿಸಿ, ಸದ್ದು ಕೇಳಿಸಿದಾಗಲೆಲ್ಲ ಒತ್ತಬೇಕೆಂದು ಕೈಗೊಂದು ಗುಂಡಿ ಕೊಟ್ಟಳು. ಗಾಜಿನ ಈಚೆ ತಾನು ಕೂತು ಸಣ್ಣ ಸಣ್ಣ ಸದ್ದುಗಳನ್ನು ಕಳಿಸತೊಡಗಿದಳು. ಸರ್ವಮಂಗಳಕ್ಕ ಒಂದನ್ನೂ ಬಿಡದೆ ಒತ್ತಿದಳು. ಇಂದುಮತಿಗೆ ಎದೆ ಹಗುರಾಯಿತು, ಕಿವಿ ಚೆನ್ನಾಗಿಯೇ ಇದೆಯಲ್ಲ ಎಂದುಕೊಂಡಳು. ಆಮೇಲೆ ಯಾಕೋ ಅನುಮಾನ ಬಂದು ಸದ್ದು ಕಳಿಸುವುದನ್ನೇ ನಿಲ್ಲಿಸಿದಳು. ಒಳಗೆ ಸರ್ವಮಂಗಳಕ್ಕ ನಗುಮುಖದಿಂದ ಸರಿಯಾಗಿ ನಾಲ್ಕು ಸೆಕೆಂಡಿಗೊಮ್ಮೆ ಗುಂಡಿ ಒತ್ತುತ್ತಲೇ ಇದ್ದಳು. ಮೊದಲೆರಡು ಸದ್ದು ಬಂದ ಅಂತರ ಹಿಡಿದುಕೊಂಡು, ಉಳಿದದ್ದನ್ನು ಅಂದಾಜಿನಲ್ಲೇ ನಡೆಸಿದ್ದಳು. ಲೋಕದ ಜೊತೆ ಅವಳು ಇಷ್ಟು ದಿನ ಹೀಗೇ ಏಗಿರಬೇಕು ಎಂದು ಇಂದುಮತಿಗೆ ಸಂಕಟವಾಯಿತು.

ಅಂತರ ಬದಲಿಸಿ ಮತ್ತೆ ಪರೀಕ್ಷೆ ಮಾಡಿದಾಗ ನಿಜ ಹೊರಬಿತ್ತು. ದಪ್ಪ ಸದ್ದು ಸುಮಾರಾಗಿ ಕೇಳಿಸುತ್ತಿತ್ತು, ತೆಳು ಸದ್ದು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಪರದೆಯ ಮೇಲೆ ಆ ಅಳತೆ ಮೂಡಿಸಿದ ಗೆರೆಯನ್ನು ಫಣೀಂದ್ರರು ಬಹಳ ಹೊತ್ತು ನೋಡಿದರು. ಒಂದು ಹೊಸ ಮೌನಿಯನ್ನು ತೆಗೆದುಕೊಂಡು ಅದರೊಳಗಿನ ಲೆಕ್ಕಕ್ಕೆ ಕೈ ಹಾಕಿದರು. ಕಳೆಯುವುದಕ್ಕೆ ಹೊರಡಿಸುವ ಅಲೆಯನ್ನು ತಲೆಕೆಳಗು ಮಾಡದೆ ಹಾಗೇ ಬಿಟ್ಟರೆ ಅದು ಕೂಡುತ್ತದೆ ತಾನೆ? ಆಕೆಗೆ ಎಲ್ಲಿ ಕಡಿಮೆಯೋ ಅಲ್ಲಿ ಮಾತ್ರ ಕೂಡುವಂತೆ ಮಾಡಲು ಅವರಿಗೆ ಒಂದು ಗಂಟೆ ಹಿಡಿಯಿತು. ಇದು ತಾತ್ಕಾಲಿಕ, ಸೋಮವಾರವೇ ಕಿವಿಯ ವೈದ್ಯರಿಗೆ ತೋರಿಸಬೇಕು ಎಂದು ಎಚ್ಚರಿಸಿದರು. ಸರಿಯಾದ ಸಾಧನ ಕೊಟ್ಟರೆ ಈಕೆ ಎಲ್ಲರಂತೆ ಕೆಲಸ ಮಾಡಬಲ್ಲಳು ಎಂದು ಅಳತೆಯ ಸಮೇತ ಆಸ್ಪತ್ರೆಯವರಿಗೆ ಒಂದು ಕಾಗದವನ್ನೂ ಬರೆದುಕೊಟ್ಟರು. ತಿಂಗಳು ಮುಗಿಯಲು ಇನ್ನೂ ಒಂಬತ್ತು ದಿನ ಇತ್ತು.

ಲೆಕ್ಕ ತಿರುಗಿಸಿದ ಮೌನಿಯನ್ನು ತಲೆಗೇರಿಸಿಕೊಂಡ ಸರ್ವಮಂಗಳಕ್ಕ ಮೊದಲು ತನ್ನ ಸೀರೆಯ ಸರಭರ ಕೇಳಿ ಬೆಚ್ಚಿದಳು. ಆಮೇಲೆ ಗೋಡೆಯ ಗಡಿಯಾರದ ಕಡೆ ಬಾಯಿ ತೆರೆದು ನೋಡಿದಳು. ಇದು ಮುಂಚಿನಿಂದ ಹೀಗೇ ಸದ್ದು ಮಾಡುತ್ತಿತ್ತಾ ಎಂದು ಕೇಳಿದಳು. ಅಷ್ಟರಲ್ಲಿ ಅವಳ ಕಣ್ಣು ತುಂಬಿತ್ತು. ಸ್ವಲ್ಪ ಸುಧಾರಿಸಿಕೊಂಡು, ನನ್ನ ಕಿವಿಯ ವಿಷಯ ನಿನಗೆ ಹೇಗೆ ಗೊತ್ತಾಯಿತು, ನಾನು ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲವಲ್ಲ ಎಂದಳು.

ಸುಳ್ಳು ಹೇಳಲು ಇಂದುಮತಿಗೆ ಮನಸ್ಸಾಗಲಿಲ್ಲ. ರೈಲಿನ ಮೌನಿ ಏನು ಕಲಿಯಿತು, ಏನನ್ನು ಎಸೆಯಿತು ಎಂದು ಆದಷ್ಟು ಮೆತ್ತಗೆ ಹೇಳಿದಳು. ಸರ್ವಮಂಗಳಕ್ಕ ಸಿಟ್ಟಾಗಲಿಲ್ಲ. ಅದನ್ನು ಕೇಳಿಸು ಎಂದಳು. ಇಂದುಮತಿ ಕಸದ ಬುಟ್ಟಿ ತೆರೆದಳು. ಏನಂದೆ. ಏನಂದೆ. ಯಾವ್ದು ತಗೊಳ್ಳಲಿ. ಏನಂದೆ. ಸರ್ವಮಂಗಳಕ್ಕ ತನ್ನದೇ ದನಿಗೆ ತಲೆ ಬಾಗಿಸಿ, ಕೈ ಕಟ್ಟಿ, ಕೊನೆಯವರೆಗೂ ಕೇಳಿದಳು.

"ಇದು ನಾನು ಕೇಳಿದ್ದಾಯ್ತು. ನೀವು ಹೇಳಿದ್ದೆಲ್ಲಿ? ಅದನ್ನೂ ಹಾಕಮ್ಮ. ಆವಾಗಂತೂ ಕೇಳಿಸ್ಲಿಲ್ಲ, ಈಗಾದ್ರೂ ಕೇಳ್ತೀನಿ."

ಇಂದುಮತಿಗೆ ತಪ್ಪಿಸಿಕೊಳ್ಳುವ ದಾರಿಯೊಂದು ಇತ್ತು, ಅದೂ ಅಪ್ಪಟ ನಿಜದ ದಾರಿ. ಎಸೆದ ಸದ್ದು ಮಾತ್ರ ಇದರಲ್ಲಿ ಉಳಿಯುತ್ತದೆ, ಬೇರೆ ಮಾತು ಉಳಿಯುವುದಿಲ್ಲ, ಅದಕ್ಕೇ ನಮ್ಮದು ಇಲ್ಲ ಅಕ್ಕ ಎಂದುಬಿಟ್ಟಿದ್ದರೆ ಅದರಲ್ಲಿ ಒಂದಕ್ಷರವೂ ತಪ್ಪಿರುತ್ತಿರಲಿಲ್ಲ. ಮಾತು ನಾಲಿಗೆಯವರೆಗೂ ಬಂದಿತ್ತು.

"ನಾವು ಹೇಳಿರ್ಲಿಲ್ಲ ಅಕ್ಕ," ಎಂದಳು ಇಂದುಮತಿ. "ಯಾರೂ ಹೇಳ್ಲಿಲ್ಲ. ನಾನೂ ಹೇಳ್ಲಿಲ್ಲ."

ಸರ್ವಮಂಗಳಕ್ಕ ಈ ಮಾತನ್ನು ಸ್ಪಷ್ಟವಾಗಿಯೇ ಕೇಳಿಸಿಕೊಂಡಳು. ಹೆಡ್‌ಫೋನಿನ ತಂತಿಯನ್ನು ಬೆರಳಿಗೆ ಸುತ್ತಿ, ಬಿಚ್ಚಿದಳು.

"ಅಷ್ಟೂ ನನ್ನ ಕಿವೀದೇ ತಪ್ಪು ಅನ್ಕೊಂಡಿದ್ದೆ," ಎಂದಳು.

ಇಂದುಮತಿ ಸ್ಟೂಲು ಎಳೆದುಕೊಂಡು ಅವಳ ಎದುರಿಗೆ ಕೂತಳು. ಬುಟ್ಟಿಯನ್ನು ಮತ್ತೆ ಮೊದಲಿನಿಂದ ತೆರೆದಳು. ಮೊದಲ ಸೋಮವಾರ, ಕ್ಯಾತ್ಸಂದ್ರ ಬಿಟ್ಟು ಎರಡು ನಿಮಿಷ, ಏನಂದೆ. ಅದನ್ನು ಅಲ್ಲಿಗೇ ನಿಲ್ಲಿಸಿ, ಅವತ್ತು ಗಂಗಮ್ಮ ಮಲ್ಲಿಗೆ ರೇಟು ಇಳಿದಿದೆ ಎಂದಳು ಅಕ್ಕ ಎಂದು ಹೇಳಿದಳು. ಸರ್ವಮಂಗಳಕ್ಕ ಹೂಂ ಎಂದಳು. ಎರಡನೆಯದಕ್ಕೂ ನೆನಪಿತ್ತು, ಅದನ್ನೂ ಹೇಳಿದಳು. ಮೂರನೆಯದು ನಿಡವಂದದ ಹತ್ತಿರದ್ದು. ಶಹೀನಾ ಏನೋ ಹೇಳಿ ಎಲ್ಲರೂ ಬಿದ್ದು ಬಿದ್ದು ನಕ್ಕಿದ್ದು ನೆನಪಿತ್ತು, ಏನೆಂಬುದು ನೆನಪಿರಲಿಲ್ಲ. ಇಂದುಮತಿ ಶಹೀನಾಗೆ ಫೋನ್ ಮಾಡಿದಳು. ಹೋದ ವಾರದ ಸೋಮವಾರ ನಿಡವಂದದಲ್ಲಿ ನೀನು ಹೇಳಿದ್ದು ಏನು ಎಂದು ಕೇಳಿದಳು. ಇದೆಂಥ ವಿಚಾರಣೆ ಎಂದು ಶಹೀನಾ ಗೊಣಗಿದಳು. ಸರ್ವಮಂಗಳಕ್ಕ ಕೇಳುತ್ತಿದ್ದಾಳೆ, ಅವಳಿಗೆ ಅವತ್ತು ಕೇಳಿಸಿರಲಿಲ್ಲ ಎಂದು ಇಂದುಮತಿ ಹೇಳಿದಳು. ಆಗ ಶಹೀನಾ ಗೊಣಗಾಟ ಬಿಟ್ಟು, ವಾರ್ಡಿನ ಅಜ್ಜನೊಬ್ಬ ಇಂಜೆಕ್ಷನ್ನಿಗೆ ಹೆದರಿ ಪಕ್ಕದ ಮಂಚದಲ್ಲಿ ಹೊದ್ದು ಮಲಗಿ, ಅಲ್ಲಿದ್ದವನಿಗೆ ಬೀಳಬೇಕಾದ ಎರಡು ಇಂಜೆಕ್ಷನ್ ಹಾಕಿಸಿಕೊಳ್ಳುವುದರಲ್ಲಿದ್ದ ಕಥೆಯನ್ನು ಮೊದಲಿನಿಂದ, ನಿಧಾನವಾಗಿ ಹೇಳಿದಳು.

ಸರ್ವಮಂಗಳಕ್ಕ ಹನ್ನೆರಡು ದಿನ ತಡವಾಗಿ ನಕ್ಕಳು. ನಕ್ಕು, ಕಣ್ಣೊರೆಸಿಕೊಂಡು, ಮುಂದಿನದು ಹಾಕು ಎಂದಳು.